ಅಬ್ಬಾ ನಿಂತ ಕಲ್ಲು

ಏ ಕಟ್ಟಿ ಮ್ಯಾಲ ಕುಂತವ್ರಾ, ಆ ಕಡೆ ಪಾನ್ ಅಂಗಡಿ ಮುಂದ ನಿಂತವ್ರಾ, ಗಾಡಿ ಬಂದ್ ಮಾಡಿ ಒಂದೀಟು ಇತ್ಲಾಗ ಕಿವಿ ಕೊಡ್ರಿ. ಹುಮನಾಬಾದಿನ ಗಜಾಲಾ ಟೇಲರ್ ಗೊತ್ತಲ್ರಿ, ನಿಮ್ಮ ಮಕ್ಕಳ ಯೂನಿಫಾರ್ಮ್ ಹೊಲಿಯಾಕಿ? ಆಕಿ ತನ್ನ ಅಪ್ಪನ ಅಳತಿ ತಗೊಂಡ ಕಥಿ ಇದು. ಅಪ್ಪ ಸತ್ತು ಮೂವತ್ತೇಳು ವರ್ಷ ಆದ ಮ್ಯಾಲ.

ಗಜಾಲಾಳ ಕಣ್ಣು ಟೇಪಿಗಿಂತ ಚುರುಕು. ಗಿರಾಕಿ ಹೊಸ್ತಿಲು ದಾಟುವುದರೊಳಗೆ ಭುಜ ಹದಿನಾರು, ತೋಳು ಇಪ್ಪತ್ಮೂರು ಎಂದು ಮನಸ್ಸಿನಲ್ಲೇ ಬರೆದುಕೊಂಡುಬಿಡುತ್ತಾಳೆ. ಟೇಪು ಹಿಡಿಯುವುದು ಬರೀ ಮರ್ಯಾದೆಗೆ. ಅವಳ ಅಳತೆ ವಹಿಯಲ್ಲಿ ಇಡೀ ಓಣಿ ಇದೆ. ತೀರಿಕೊಂಡವರೂ ಇದ್ದಾರೆ, ಊರು ಬಿಟ್ಟವರೂ ಇದ್ದಾರೆ. ಇಲ್ಲದ್ದು ಒಂದೇ ಒಂದು ಅಳತೆ, ಅವಳ ಅಬ್ಬಾ ಗುಲಾಮ್ ರಸೂಲ್ ಅವರದು.

ಅವರು ಬಸವಕಲ್ಯಾಣದಲ್ಲಿ ಫೋಟೋ ತೆಗೆಯುತ್ತಿದ್ದರು. ಊರಿನವರ ಮುಖವೆಲ್ಲ ಅವರ ಕ್ಯಾಮೆರಾದೊಳಗೆ ಹಾದುಹೋಗಿತ್ತು, ಅವರ ಮುಖ ಮಾತ್ರ ಯಾವ ಫೋಟೋದಲ್ಲೂ ಉಳಿಯಲಿಲ್ಲ. ಮಗಳಿಗೆ ನಾಲ್ಕು ವರ್ಷವಿದ್ದಾಗ ಜ್ವರ ಹತ್ತಿ ವಾರದಲ್ಲೇ ಹೋಗಿಬಿಟ್ಟರು. ತಾಯಿ ಹಜಿರಾ ಬೀ ನಲವತ್ತನೇ ದಿನಕ್ಕೆ ಬಟ್ಟೆಬರೆಯೆಲ್ಲ ದಾನ ಕೊಟ್ಟರು, ಆಮೇಲೆ ಕ್ಯಾಮೆರಾವನ್ನೂ ಮಾರಿದರು. ಗಜಾಲಾಳಿಗೆ ಉಳಿದಿರುವ ನೆನಪು ಒಂದೇ: ಯಾರದೋ ಹೆಗಲ ಮೇಲೆ ಕೂತಿದ್ದಾಳೆ, ಕೈ ಚಾಚಿದರೆ ಬಾಗಿಲ ಮೇಲಿನ ಪಟ್ಟಿ ಸಿಗುತ್ತಿದೆ.

ಅಬ್ಬಾ ಎಷ್ಟು ಎತ್ತರ ಇದ್ದರು ಎಂದು ಕೇಳಿದರೆ ಅಮ್ಮಿ ಕೈ ಮೇಲೆತ್ತಿ ಇಷ್ಟು ಎನ್ನುತ್ತಿದ್ದರು. ಆ ಕೈ ರಂಜಾನಿಗೊಂದು ಎತ್ತರ, ಬಕ್ರೀದಿಗೊಂದು ಎತ್ತರ. ಟೇಲರ್ ಕೆಲಸ ಕಲಿತ ಮಗಳಿಗೆ ಅದು ಸಾಲುತ್ತದೆಯೇ? ಇಂಚಿನ ಲೆಕ್ಕದಲ್ಲಿ ಹೇಳೆಂದು ಹಟ ಹಿಡಿದರೆ, "ನಾ ಏನ್ ಅವರಿಗಿ ಶೇರವಾನಿ ಹೊಲ್ದು ಕೊಟ್ಟೀನೇನ?" ಎಂದು ನಕ್ಕುಬಿಡುತ್ತಿದ್ದರು. ಅವರೂ ಈಗ ಇಲ್ಲ.

ಉಳಿದದ್ದು ಅಬ್ಬಾ ತೆಗೆದ ಎರಡು ಫೋಟೋ. ಅಂಗೈಯಗಲದ ಚೌಕ ಫೋಟೋಗಳು, ಕಪ್ಪು ಬಿಳುಪು. ಎರಡರಲ್ಲೂ ಬಸವಕಲ್ಯಾಣದ ಕಿಲ್ಲಾದೊಳಗಿನ ಹಾಸುಗಲ್ಲಿನ ಅಂಗಳ, ಅದರ ನಡುವೆ ನಾಲ್ಕಡಿಯ ಮುರುಕು ಕಲ್ಲುಕಂಬ, ಹಿಂದೆ ಸಾಲು ಕಿಂಡಿಗಳ ಗೋಡೆ. ಅಮ್ಮಿ ಮೆಟ್ಟಿಲ ಮೇಲೆ ಕೂತಿದ್ದಾರೆ. ಮೊದಲನೆಯದರಲ್ಲಿ ಪುಟ್ಟ ಗಜಾಲಾ ಕಂಬದ ಮರೆಯಲ್ಲಿದ್ದಾಳೆ, ಫ್ರಾಕಿನ ತುದಿಯೂ ಒಂದು ಕೈಯೂ ಮಾತ್ರ ಕಾಣುತ್ತವೆ. ಎರಡನೆಯದರಲ್ಲಿ ಪೂರ್ತಿ ಹುಡುಗಿ ಇದ್ದಾಳೆ. ಅಂಜಿ ಅಡಗಿದ ಹುಡುಗಿ ಆಮೇಲೆ ಧೈರ್ಯ ಮಾಡಿ ಹೊರಗೆ ಬಂದಳು ಎಂದೇ ಮನೆಯವರೆಲ್ಲ ನಂಬಿದ್ದರು.

ಹೋದ ತಿಂಗಳು ಕಾಲೇಜಿಗೆ ಹೋಗುವ ಮಗಳು ಖುಷ್ನುಮಾ ಆ ಫೋಟೋಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಗಜಾಲಾ ಅಂಗಿಯ ಕಾಜಾ ಎಣಿಸುವ ಅಭ್ಯಾಸದಲ್ಲಿ ಗೋಡೆಯ ಕಿಂಡಿ ಎಣಿಸಿದಳು. ಮೊದಲ ಫೋಟೋದಲ್ಲಿ ಕಂಬ ಮೂರನೇ ಕಿಂಡಿಯನ್ನು ಮುಚ್ಚಿತ್ತು. ಎರಡನೆಯದರಲ್ಲಿ ಐದನೆಯದನ್ನು. ಅವಳು ಮತ್ತೆ ಎಣಿಸಿದಳು, ಫೋಟೋದ ಮೇಲೆ ದಾರ ಎಳೆದು ನೋಡಿದಳು. ಕಂಬ ನಡೆಯುವುದಿಲ್ಲ, ಗೋಡೆಯೂ ನಡೆಯುವುದಿಲ್ಲ. ಹುಡುಗಿಯಷ್ಟೇ ಸರಿದಿದ್ದರೆ ಕಂಬ ಮೂರನೇ ಕಿಂಡಿಯ ಮೇಲೇ ಇರಬೇಕಿತ್ತಲ್ಲ?

"ನಾ ಸರದಿಲ್ಲ," ಎಂದಳು ಗಜಾಲಾ. "ನಾ ಕಾಣವಲ್ನಂತ ಅಬ್ಬಾ ಸರದು ನಿಂತಾರ."

ಅವತ್ತು ಹೊಲಿದ ಯೂನಿಫಾರ್ಮಿಗೆ ಒಂದು ತೋಳು ಉಲ್ಟಾ ಬಿತ್ತು.

ಮುಂದಿನ ಭಾನುವಾರ ತಾಯಿ ಮಗಳು ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದರು. ಚೀಲದಲ್ಲಿ ಆ ಎರಡು ಫೋಟೋ, ಟೇಪು, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನ ಡಬ್ಬಿ, ಬಿಳಿ ದಾರದ ಉಂಡೆ. ಅಂಗಳ ಹಾಗೇ ಇತ್ತು. ಖುಷ್ನುಮಾ ಕಂಬದ ಹತ್ತಿರ ದಾರದ ತುದಿ ಹಿಡಿದಳು, ಗಜಾಲಾ ಉಂಡೆ ಬಿಚ್ಚುತ್ತ ಹಿಂದೆ ಹಿಂದೆ ನಡೆದಳು. ಎರಡನೇ ಫೋಟೋದಲ್ಲಿರುವ ಹಾಗೆ ಕಂಬ ಐದನೇ ಕಿಂಡಿಯನ್ನು ಮುಚ್ಚಬೇಕು, ಮೆಟ್ಟಿಲ ತುದಿ ಹಿಂದಿನ ಬಾಗಿಲ ಚೌಕಟ್ಟಿಗೆ ತಾಗಬೇಕು. ಎರಡೂ ಒಟ್ಟಿಗೆ ಕೂಡುವ ಜಾಗ ಒಂದೇ ಇರುತ್ತದೆ. ಇದನ್ನೆಲ್ಲ ನೋಡುತ್ತ ನಿಂತ ಕಾವಲುಗಾರ, "ಏನ್ ಬಾಯಾರ, ಕಿಲ್ಲಾಕ್ಕ ಪರದಾ ಹೊಲಿಯಾಕತ್ತೀರೇನು?" ಎಂದ. ಬಟ್ಟೆ ನೀವು ತಂದುಕೊಡಿ, ಹೊಲಿಯುವುದು ನನಗಿರಲಿ ಎಂದಳು ಗಜಾಲಾ, ಕಣ್ಣು ಕಿಂಡಿಯಿಂದ ತೆಗೆಯದೆ.

ಸಿಕ್ಕಿತು. ಒಂದು ಮೂಲೆ ಒಡೆದ ಹಾಸುಗಲ್ಲು. ಅದರ ಬಲಕ್ಕೆ ಎರಡು ಹೆಜ್ಜೆ ದೂರದಲ್ಲಿ ಮೊದಲ ಫೋಟೋದ ಜಾಗವೂ ಸಿಕ್ಕಿತು. ಎರಡಕ್ಕೂ ಚಾಕ್‌ಪೀಸಿನಿಂದ ಗುರುತು ಹಾಕಿದಳು. ಚಪ್ಪಲಿ ಬಿಟ್ಟು ಮೊದಲ ಗುರುತಿನಿಂದ ಎರಡನೆಯದಕ್ಕೆ ಆ ಎರಡು ಹೆಜ್ಜೆ ನಡೆದಳು. ಮೂವತ್ತೇಳು ವರ್ಷದ ಹಿಂದೆ ಒಬ್ಬ ಮನುಷ್ಯ ಅವಳಿಗಾಗಿ ಇಟ್ಟ ಹೆಜ್ಜೆಗಳು. ಕಲ್ಲು ಬಿಸಿಯಾಗಿತ್ತು.

ಆಮೇಲೆ ಎತ್ತರ. ಫೋಟೋದಲ್ಲಿ ಕಂಬದ ತಲೆ ಹಿಂದಿನ ಗೋಡೆಯ ಪಟ್ಟಿಗೆ ಸರಿಯಾಗಿ ತಾಗಿದೆ. ಗಜಾಲಾ ನಿಂತು ನೋಡಿದರೆ ಅದು ಪಟ್ಟಿಗಿಂತ ಕೆಳಗೆ. ಮೊಣಕಾಲು ಬಗ್ಗಿಸಿದಳು, ಇನ್ನೂ ಬಗ್ಗಿಸಿದಳು. ತಾಗಿತು ಎಂದಾಗ ಖುಷ್ನುಮಾ ಅವಳ ಕಣ್ಣಿನಿಂದ ನೆಲಕ್ಕೆ ಟೇಪು ಬಿಟ್ಟಳು. ನಲವತ್ತೆರಡು ಇಂಚು.

ಅಂದರೆ ಅಬ್ಬಾನ ಕಣ್ಣು ನೆಲದಿಂದ ಬರೀ ಮೂರೂವರೆ ಅಡಿ. ಅಷ್ಟು ಕುಳ್ಳ ಮನುಷ್ಯನ ಹೆಗಲಿನಿಂದ ಬಾಗಿಲ ಪಟ್ಟಿ ಮುಟ್ಟಲಾದೀತೇ? ಅಜ್ಜ ಕೂತು ತೆಗೆದಿರಬೇಕು ಎಂದು ಖುಷ್ನುಮಾ ಸಮಾಧಾನ ಹೇಳಿದಳು. ಹಾಗಿದ್ದರೆ ಅಳತೆಯೇ ಇಲ್ಲ ಎಂದಾಯಿತಲ್ಲ! ಒಂದೋ ನೆನಪು ಸುಳ್ಳು, ಇಲ್ಲವೇ ಬಂದ ಕೆಲಸ ಸುಳ್ಳು. ಬಸ್ಸಿನಲ್ಲಿ ಹುಮನಾಬಾದು ಬರುವವರೆಗೂ ಅವಳು ಬಿಚ್ಚಿದ ದಾರವನ್ನು ಉಂಡೆಗೆ ಸುತ್ತುತ್ತಲೇ ಇದ್ದಳು.

ಬಸ್ಸಿಳಿದು ಮನೆಗೆ ಬರುವ ದಾರಿಯಲ್ಲಿ ಬಂಡೆಪ್ಪ ಕಾಕಾನ ಮನೆ. ಫೋಟೋ ಸ್ಟುಡಿಯೋ ಮುಚ್ಚಿ ವರ್ಷಗಳಾದರೂ ಅವರ ಬೋರ್ಡು ಇನ್ನೂ ಬಾಗಿಲ ಮೇಲಿದೆ. ಗುಲಾಮ್ ರಸೂಲರನ್ನು ಅವರು ಕಂಡವರಲ್ಲ. ಖುಷ್ನುಮಾ ಸುಮ್ಮನಿರಲಾರದೆ ಫೋಟೋ ಕೊಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದಳು. ಕಾಕಾ ಫೋಟೋದ ನಾಲ್ಕೂ ಅಂಚಿನ ಮೇಲೆ ಬೆರಳಾಡಿಸಿ ನಕ್ಕರು.

"ಚೌಕ ಅದ ನೋಡು ತಂಗಿ. ಇದು ಕಣ್ಣಿಗಿ ಹಚ್ಚಿ ತಗಿಯೋ ಕ್ಯಾಮೆರಾ ಅಲ್ಲ, ಎರಡು ಕಣ್ಣಿನ ಡಬ್ಬಿ. ಹೊಕ್ಕಳದ ಹಂತ್ಯಾಕ ಹಿಡದು, ತಲಿ ಬಗ್ಗಿಸಿ ಮ್ಯಾಲಿಂದ ಒಳಗ ನೋಡಬೇಕು. ನಾನೂ ಅದರಾಗ ಕಲ್ತಾಂವ. ಕುಂತು ತಗದ್ರ ಇನ್ನೂ ಕೆಳಗ ಬರ್ತಿತ್ತು."

ಹೇಳುತ್ತಲೇ ಎದ್ದು ನಿಂತರು. ಎರಡೂ ಕೈ ಹೊಕ್ಕಳ ಮೇಲೆ, ತಲೆ ತಗ್ಗಿದೆ, ನೋಟ ಕೆಳಗೆ. ನಮಾಜಿಗೆ ನಿಂತ ಹಾಗೆ. ಗಜಾಲಾ ಕಣ್ಣು ಮಿಟುಕಿಸಲಿಲ್ಲ.

"ಕಾಕಾ, ಹಂಗ ಸ್ವಲ್ಪ ನಿಂದರ್ರಿ," ಎಂದಳು.

"ಎಷ್ಟೊತ್ತವಾ?"

"ಸ್ವಲ್ಪ."

ಹೊಕ್ಕಳಿಗೆ ನಲವತ್ತೆರಡು ಎಂದರೆ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದು ಪ್ಯಾಂಟಿನ ಉದ್ದ. ಅವಳ ವಹಿಯಲ್ಲಿ ನಲವತ್ತೆರಡರ ಗಿರಾಕಿಗಳು ಇಬ್ಬರೇ, ಇಬ್ಬರೂ ಆರಡಿಯ ಹತ್ತಿರದವರು, ಅಂಗಡಿಯೊಳಗೆ ತಲೆ ತಗ್ಗಿಸಿಯೇ ಬರುವವರು. ಅಮ್ಮಿ ಎತ್ತಿದ ಕೈಗಳಲ್ಲಿ ಅತಿ ಎತ್ತರದ್ದೇ ನಿಜವಾಗಿತ್ತು.

ಮನೆಗೆ ಬಂದು ಚಹಾ ಕೂಡ ಕುಡಿಯಲಿಲ್ಲ. ಅಳತೆ ವಹಿಯ ಹೊಸ ಹಾಳೆ ತೆಗೆದು, ಗುಲಾಮ್ ರಸೂಲ್, ಬಸವಕಲ್ಯಾಣ ಎಂದು ಬರೆದಳು. ಉದ್ದ ನಲವತ್ತೆರಡು. ಭುಜ, ತೋಳು, ಎದೆ, ಕೊರಳು ಖಾಲಿ ಬಿಟ್ಟಳು. ಗಿರಾಕಿ ಕೊಟ್ಟ ಬಟ್ಟೆಯ ತುಣುಕನ್ನು ಪಿನ್ನು ಚುಚ್ಚಿ ಇಡುವ ಮೂಲೆಯಲ್ಲಿ, ಕಿಲ್ಲಾದಲ್ಲಿ ಎಳೆದು ಹಿಡಿದಿದ್ದ ಬಿಳಿ ದಾರದ ಗೇಣುದ್ದವನ್ನು ಕತ್ತರಿಸಿ, ಸುತ್ತಿ, ಪಿನ್ನು ಚುಚ್ಚಿದಳು.