ಆರಲಿ ಬಿಡ್ರಿ
ನಮ್ಮ ರಸಾಯನಶಾಸ್ತ್ರದ ಮೇಡಂ ದಿನಾ ಬಬಲೇಶ್ವರದಿಂದ ಬಸ್ಸಿನಲ್ಲಿ ವಿಜಯಪುರದ ನಮ್ಮ ಕಾಲೇಜಿಗೆ ಬರುತ್ತಿದ್ದರು. ಜೀವಕೋಶಗಳು ಅಕಾಲದಲ್ಲಿ ಮುಪ್ಪಾಗುವುದೇಕೆಂದು ತಿಳಿಯಲು, ಅವುಗಳೊಳಗಿನ ಒಂದು ಕಿಣ್ವವನ್ನು ತಡೆಯುವ ರಾಸಾಯನಿಕವನ್ನು ತಯಾರಿಸುವುದು ಅವರ ಕೆಲಸ. ಬಿಸಿ ದ್ರಾವಣ ತಾನಾಗಿ ಆರಿದರೆ ಮಾತ್ರ ಶುದ್ಧ ಹರಳು ಕಟ್ಟುತ್ತದೆ. ನಾವು ವಿದ್ಯಾರ್ಥಿಗಳು ಫ್ಲಾಸ್ಕಿನತ್ತ ಕೈ ಚಾಚಿದರೆ, "ಆರಲಿ ಬಿಡ್ರಿ" ಎನ್ನುತ್ತಿದ್ದರು. ಚಹಾಕ್ಕೂ ಅದೇ ಮಾತು, ನಮ್ಮ ಜಗಳಕ್ಕೂ ಅದೇ.

ಒಂದು ಮಧ್ಯಾಹ್ನ ತಿಕೋಟಾದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಪ್ರಯೋಗಾಲಯಕ್ಕೆ ಬಂದಳು. ಹುಡುಗಿಗೆ ಇನ್ನೂ ಹಾಲುಹಲ್ಲು. ಮುಖ ಮಾತ್ರ ಮುದುಕಿಯದು.

"ಇಲ್ಲಿ ಇದಕ್ಕ ಔಷಧ ಮಾಡ್ತಾರಂತ ಕೇಳಿ ಬಂದೇನ್ರಿ."

"ಇದು ಔಷಧ ಅಲ್ಲ ತಂಗಿ," ಎಂದರು ಮೇಡಂ. "ಈ ಜಡ್ಡು ಯಾಕ ಬರ್ತೈತಿ ಅಂತ ತಿಳ್ಕೊಳ್ಳಾಕ ಮಾಡಾಕತ್ತೇವಿ."

ತಾಯಿ ಮಗಳ ತಲೆಯ ಬಟ್ಟೆ ಸರಿಮಾಡಿದಳು. "ಹಂಗಾರ ಲಗೂನ ತಿಳ್ಕೋರಿ, ಅಕ್ಕಾರ."

ಅವರು ಹೋದ ಮೇಲೆ ಮೇಡಂ ಬಿಸಿ ಫ್ಲಾಸ್ಕನ್ನು ಹಾಗೆಯೇ ಮಂಜುಗಡ್ಡೆಯ ಬೋಗುಣಿಗೆ ಇಳಿಸಿದರು. ಹರಳು ಬರಲಿಲ್ಲ, ತಳದಲ್ಲಿ ಕಂದು ರಾಡಿ ಕೂತಿತು. ಅದನ್ನು ಮತ್ತೆ ಬಿಸಿಮಾಡಿ ಕರಗಿಸಿ ಮೇಜಿನ ಮೇಲಿಟ್ಟರು. ಬಬಲೇಶ್ವರದ ಬಸ್ಸಿನ ಹೊತ್ತು ಮೀರಿದರೂ, ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು, ಅದರ ಮುಂದೆಯೇ ಕೂತಿದ್ದರು.