ಅಗಸೆ ಎಣ್ಣೆ ಒರೆಸಿದ ಅರಿವೆಗಳು

ನಿಜಾಮನ ಆಳಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ತಿಂಗಳೂ ಆಗಿರಲಿಲ್ಲ, ನಾವು ಕಮಲಾಪುರದ ನಮ್ಮ ಮನೆಗೆ ಮರಳಿದೆವು. ರಜಾಕಾರರ ಹಾವಳಿ ಹೆಚ್ಚಾದಾಗ ಅಪ್ಪ ಮನೆಗೆ ಬೀಗ ಹಾಕಿ, ಅವ್ವನನ್ನೂ ನನ್ನನ್ನೂ ಕರೆದುಕೊಂಡು ಕಲಬುರಗಿಗೆ ಹೋಗಿ, ಸ್ಟೇಶನ್ ಬಜಾರದ ಸೋದರಮಾವನ ಮನೆ ಸೇರಿದ್ದರು. ಅಷ್ಟೂ ತಿಂಗಳು ಮನೆಯ ಕೀಲಿ ಇದ್ದದ್ದು ನಮ್ಮೂರ ಬಡಿಗ ಚಾಚಾ ಹತ್ತಿರ. ಐವತ್ತು ದಾಟಿದ ಮುಸಲ್ಮಾನರು ಅವರು. ನಮ್ಮ ಮೇಲಿನ ಕೋಣೆಗೆ ಸಾಗವಾನಿ ಹಲಗೆಯ ನೆಲ ಹಾಕಿದ್ದು ಅವರೂ ಅವರ ತಂದೆಯೂ. ಯಾರೂ ನಮ್ಮ ಬಾಗಿಲು ಒಡೆಯದ ಹಾಗೆ ಅವರು ಕಾಯ್ದಿದ್ದರು. ಆದರೆ ಮಳೆಯನ್ನು ಯಾರು ತಡೆಯಬೇಕು? ಸೂರು ಸೋರಿ ನೆಲದ ಹಲಗೆ ಕಪ್ಪಾಗಿದ್ದವು, ಮೂರು ಹಲಗೆ ಮೆತ್ತಗಾಗಿದ್ದವು.

ನನಗಾಗ ಹದಿನಾರು. ಕಲಬುರಗಿಯ ಒಂದು ಮನೆತನದವರು ನನ್ನನ್ನು ನೋಡಲು ಬರುವವರಿದ್ದರು. ಅವರನ್ನು ಕೂರಿಸಬೇಕಾದದ್ದು ಅದೇ ಕೋಣೆಯಲ್ಲಿ. ಚಾಚಾ ಹಲಗೆ ಬದಲಿಸಿ, ನೆಲವನ್ನೆಲ್ಲ ಹೆರೆದು ಹಸನು ಮಾಡಿದ ಮೇಲೆ ಅದಕ್ಕೆ ಏನು ಬಳಿಯಬೇಕೆಂಬ ಮಾತು ಬಂತು.

“ವಾರ್ನಿಶ್ ಹೊಡಿ. ಕನ್ನಡಿ ಹಂಗ ಹೊಳೀಬೇಕು” ಎಂದರು ಅಪ್ಪ.

ಚಾಚಾ ಮಾತಿಗೆ ಮಾತು ಬೆಳೆಸುವವರಲ್ಲ. ಒಂದು ಹಲಗೆಯ ತುಂಡು ತಂದು ಅರ್ಧಕ್ಕೆ ತಮ್ಮಲ್ಲಿ ಉಳಿದಿದ್ದ ವಾರ್ನಿಶ್ ಹಚ್ಚಿದರು, ಇನ್ನರ್ಧಕ್ಕೆ ಕಾಯಿಸಿದ ಅಗಸೆ ಎಣ್ಣೆ ಹಚ್ಚಿದರು. ನಾಲ್ಕು ದಿನ ಒಣಗಿದ ಮೇಲೆ ಎರಡರ ಮೇಲೂ ಮೊಳೆಯಿಂದ ಗೀರಿ, ನೀರು ಹಾಕಿಟ್ಟರು. ಮರುದಿನ ವಾರ್ನಿಶ್ ಗೀರಿನ ಗುಂಟ ಬೆಳ್ಳಗೆ ಪೊರೆ ಎದ್ದಿತ್ತು. ಎಣ್ಣೆಯ ಕಡೆ ಗೀರೊಂದು ಕಾಣುತ್ತಿತ್ತು, ಅಷ್ಟೇ.

“ವಾರ್ನಿಶ್ ಮ್ಯಾಲೆ ಕುಂದರ್ತದ್ರೀ ರಾಯರ. ಎಣ್ಣಿ ಕಟ್ಟಿಗಿ ಒಳಗ ಇಳೀತದ. ನಾಳಿ ಮತ್ತ ಸೋರಿದ್ರ ಅಷ್ಟೇ ಜಾಗಾ ಒರಿಸಿ ಮತ್ತೊಮ್ಮಿ ಹಚ್ಚಿದ್ರಾತು.”

ಅಪ್ಪನಿಗೆ ಮನಸ್ಸು ಒಪ್ಪಲಿಲ್ಲ. ವಾರ್ನಿಶ್‌ಗೆಂದೇ ಕಲಬುರಗಿಗೆ ಹೋದರು. ಸೊಲ್ಲಾಪುರದ ಮಾಲು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಒಂದೇ ಒಂದು ಅಂಗಡಿಯಲ್ಲಿ ಸಿಕ್ಕ ಡಬ್ಬಿಯೊಳಗಿನ ವಾರ್ನಿಶ್ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತಂತೆ. ಬರಿಗೈಯಲ್ಲಿ ಬಂದು, “ನಿನ್ನ ಎಣ್ಣಿನೇ ಹಚ್ಚಪಾ” ಎಂದರು.

ಒಂದು ಬೆಳಿಗ್ಗೆ ಬಿಸಿಲೇರುವ ಮೊದಲೇ ಚಾಚಾ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಹಳೆಯ ಅರಿವೆಗಳಿಂದ ಒರೆಸಿ ತೆಗೆದರು. ಮನೆಗೆ ಹೊರಟಾಗ ನನ್ನನ್ನು ಕರೆದು ಹೇಳಿದರು: “ಬೇಟಿ, ಈ ಅರಿಬಿ ಒಂದೊಂದೂ ಬಿಡಿಸಿ ಗ್ವಾಡಿ ಮ್ಯಾಲ ಹರವು. ಗೂಡಿಸಿ ಇಡಬ್ಯಾಡ, ಒಣಗೂ ಎಣ್ಣಿ ಒಳಗೇ ಕಾದು ತಾನೇ ಬೆಂಕಿ ಹತ್ತತದ.” ನಾನು ತಲೆಯಾಡಿಸಿದೆ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದೆ. ಜಿಡ್ಡು ಅರಿವೆಗಳನ್ನು ಗೋಡೆಯ ಮೇಲೆ ಹರವಿದರೆ ನೋಡಲು ಹೊಲಸು ಎನ್ನಿಸಿತು. ಒಂದು ಬುಟ್ಟಿಯಲ್ಲಿ ತುರುಕಿ, ಮೇಲೆ ಹೆರೆದ ಕಟ್ಟಿಗೆಯ ಸಿಪ್ಪೆ ತುಂಬಿ ಮೇಲಿನ ಕೋಣೆಯ ಮೂಲೆಯಲ್ಲಿಟ್ಟೆ.

ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮೇಲಿನ ಕಿಟಕಿಯಿಂದ ಹೊಗೆ ಬಂತು. ಓಣಿಯವರು ಕೊಡ ಹಿಡಿದು ಓಡಿ ಬಂದರು. ಬೆಂಕಿ ಆರುವಷ್ಟರಲ್ಲಿ ಎರಡು ಹಲಗೆ ಸುಟ್ಟು, ಗೋಡೆ ಕಪ್ಪಾಗಿತ್ತು.

“ಮ್ಯಾಲ ಯಾರಿದ್ರು?” ಎಂದು ಕೇಳಿದವನು ನಮ್ಮ ಓಣಿಯ ರೈತ. ಬೇಸಿಗೆಯಲ್ಲಿ ರಜಾಕಾರರು ಅವನ ಕಣದ ಬಣವೆ ಸುಟ್ಟಿದ್ದರು, ಅವನ ತಮ್ಮನನ್ನು ಹೊಡೆದು ಕೈ ಮುರಿದಿದ್ದರು. ಯಾರೋ “ಬಡಿಗ” ಎಂದರು. ಮುಂದಿನದು ಹೇಳಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಾಚಾರನ್ನು ರಟ್ಟೆ ಹಿಡಿದು ನಮ್ಮ ಅಂಗಳಕ್ಕೆ ತಂದರು. ಅವರ ಟೊಪ್ಪಿಗೆ ದಾರಿಯಲ್ಲೆಲ್ಲೋ ಬಿದ್ದಿತ್ತು. ಹತ್ತು ಹದಿನೈದು ಮಂದಿ, ಕೆಲವರ ಕೈಯಲ್ಲಿ ಬಡಿಗೆ. ಆ ದಿನಗಳಲ್ಲಿ ಸುತ್ತಲಿನ ಊರುಗಳಿಂದ ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಂಡ ಎಂಥೆಂಥ ಸುದ್ದಿ ಬರುತ್ತಿದ್ದವೆಂದು ಎಲ್ಲರಿಗೂ ಗೊತ್ತಿತ್ತು. ತಡೆಯಬಲ್ಲ ಮಿಲಿಟರಿಯವರು ಇದ್ದದ್ದು ದೂರದ ಕಲಬುರಗಿಯಲ್ಲಿ.

“ನಾ ಬೆಂಕಿ ಹಚ್ಚಿಲ್ರೀ ರಾಯರ” ಎಂದರು ಚಾಚಾ.

ಅಪ್ಪ ಅವರ ಕಡೆ ನೋಡಿದರು. ತಿಂಗಳುಗಟ್ಟಲೆ ಕೀಲಿ ಕೊಟ್ಟು ನಂಬಿದ ಮನುಷ್ಯನನ್ನು ಕೇಳಿದರು: “ಬೀಡಿ ಗೀಡಿ ಸೇದಿದ್ದೇನು, ಖರೇ ಹೇಳು.”

ಚಾಚಾ ಒಂದು ಸಲ ನನ್ನ ಕಡೆ ನೋಡಿದರು, ಮತ್ತೆ ನೆಲ ನೋಡಿದರು. ಅವರಿಗೆ ಆಗಲೇ ಗೊತ್ತಾಗಿತ್ತು. ನನ್ನ ಹೆಸರು ಹೇಳಲಿಲ್ಲ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೋಡಲು ಬರುವವರ ಕಿವಿಗೆ ಬಿದ್ದರೆ ಎಂಬ ಯೋಚನೆಯೂ ಬಂತು. ಇಂದಿಗೂ ಅದಕ್ಕೆ ನಾಚಿಕೆಯಾಗುತ್ತದೆ. ರೈತ ಅವರ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ. ಅಂಗಿ ಹರಿಯಿತು. ಆಗ ನಾನು ಚೀರಿದೆ.

“ನಾ ಮಾಡೀನಿ! ಹರವು ಅಂದಿದ್ರು, ನಾ ಬುಟ್ಟ್ಯಾಗ ತುರುಕಿದೆ. ತಾನೇ ಹತ್ತ್ಯಾದ!”

ಒಬ್ಬರೂ ನಂಬಲಿಲ್ಲ. “ಕಡ್ಡಿ ಕೊರೀದ ಅರಿಬಿ ಹತ್ತತದೇನು? ಹುಡುಗಿಗೆ ಕಲಿಸ್ಯಾನ” ಎಂದ ರೈತ.

ಚಾಚಾ ಮೊದಲ ಸಲ ತಲೆ ಎತ್ತಿದರು. “ಎಣ್ಣಿ ಇನ್ನಾ ಅದ. ಹಂಗೇ ಬುಟ್ಟಿ ತುಂಬಿ ಬಿಸಿಲಾಗ ಇಡ್ರಿ. ನಾ ಇಲ್ಲೇ ಕುಂದರ್ತೀನಿ. ಹೊತ್ತು ಮುಣುಗೂದ್ರೊಳಗ ಹತ್ತಲಿಲ್ಲಂದ್ರ ನಿಮಗ ತಿಳಿದಿದ್ದು ಮಾಡ್ರಿ.”

ಅವ್ವ ತನ್ನ ಹಳೆಯ ಸೀರೆ ಹರಿದು ಕೊಟ್ಟಳು. ನಾನೇ ಎಣ್ಣೆಯಲ್ಲಿ ಅದ್ದಿ ಹಿಂಡಿ, ಬೆಳಿಗ್ಗೆಯಂತೆಯೇ ತುರುಕಿ, ಸಿಪ್ಪೆ ತುಂಬಿದೆ. ಬುಟ್ಟಿಯನ್ನು ಅಂಗಳದ ನಡುವೆ ಇಟ್ಟರು. ಚಾಚಾ ಕಂಬಕ್ಕೆ ಒರಗಿ ಕೂತರು. ನೀರು ಕೊಡುವ ನೆಪದಲ್ಲಿ ಬಾಗಿ ಕೇಳಿದೆ: “ಖರೇ ಹತ್ತತದಲ್ಲ, ಚಾಚಾ?”

“ಒಮ್ಮೊಮ್ಮಿ ಹತ್ತತದ ಬೇಟಿ. ಒಮ್ಮೊಮ್ಮಿ ಇಲ್ಲ.”

ಆ ಮಧ್ಯಾಹ್ನದಷ್ಟು ಉದ್ದದ ಮಧ್ಯಾಹ್ನವನ್ನು ನಾನು ಮತ್ತೆ ಕಂಡಿಲ್ಲ. ಮಂದಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಮೋಡ ಬಂದು ಬಿಸಿಲು ಸರಿದಾಗಲೆಲ್ಲ ನಾನು ತಲೆ ಎತ್ತಿ ಆಕಾಶ ನೋಡುತ್ತಿದ್ದೆ. ಎರಡು ತಾಸಾಯಿತು, ಮೂರಾಯಿತು. ಬುಟ್ಟಿಯಿಂದ ಎಣ್ಣೆಯ ವಾಸನೆ ಬಿಟ್ಟರೆ ಏನಿಲ್ಲ. ಒಬ್ಬ ಬಡಿಗೆಯಿಂದ ನೆಲ ಕುಟ್ಟತೊಡಗಿದ. ಗೋಡೆಯ ನೆರಳು ಬುಟ್ಟಿಯ ಹತ್ತಿರ ಬಂದಾಗ ರೈತ ಎದ್ದು, “ಸಾಕು ಈ ಆಟ” ಎಂದು ಅರಿವೆಗಳನ್ನು ಕಿತ್ತೆಸೆಯಲು ಬುಟ್ಟಿಯೊಳಗೆ ಕೈ ತುರುಕಿದ.

ತುರುಕಿದವನು ಹೌಹಾರಿ ಹಿಂದಕ್ಕೆ ಎಳೆದುಕೊಂಡ. ಬೆರಳು ಸುಟ್ಟಿದ್ದವು. ಅವನು ಸರಿಸಿದ ಜಾಗದಿಂದ ತೆಳ್ಳಗೆ ನೀಲಿ ಹೊಗೆ ಎದ್ದಿತು. ನೋಡುತ್ತಿದ್ದಂತೆ ನಡುವಿನ ಅರಿವೆ ಕಂದಿ ಕಪ್ಪಾಗಿ, ಅಂಚಿನಲ್ಲಿ ಕೆಂಪಗೆ ಕಿಡಿ ಹರಿದಾಡಿತು.

ರೈತ ತಾನೇ ಕೊಡ ತಂದು ನೀರು ಸುರಿದು, ಬೆರಳು ಹಿಡಿದುಕೊಂಡು ಹೊರಗೆ ನಡೆದ. ಉಳಿದವರೂ ಒಬ್ಬೊಬ್ಬರಾಗಿ ಹೋದರು. ತಪ್ಪಾಯಿತೆಂದು ಒಬ್ಬನೂ ಅನ್ನಲಿಲ್ಲ. ಚಾಚಾ ಏಳಹೊರಟರು. ಅಪ್ಪ ಕೈ ಚಾಚಿದರು. ಅವರು ಅದನ್ನು ಹಿಡಿಯದೆ ಕಂಬ ಹಿಡಿದು ಎದ್ದರು.

ಮೂರನೆಯ ದಿನ ಬಂದು ಸುಟ್ಟ ಹಲಗೆ ತೆಗೆದು ಹೊಸದು ಕೂರಿಸಿದರು. ಎಣ್ಣೆ ಹಚ್ಚಿದರು. ಅರಿವೆಗಳನ್ನು ತಾವೇ ಗೋಡೆಯ ಮೇಲೆ ಹರವಿ ಕಲ್ಲು ಹೇರಿದರು. ಅವರು ಹೊರಡುವಾಗ ನಾನು ಬಾಗಿಲಿಗೆ ಹೋಗಿ, “ನಾ ಮೊದಲೇ ಹೇಳಬೇಕಿತ್ತು, ಚಾಚಾ” ಎಂದೆ.

“ಹೌದು ಬೇಟಿ, ಹೇಳಬೇಕಿತ್ತು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮುಂದಿನ ತಿಂಗಳು ಅವರು ಸಂಸಾರ ಸಮೇತ ಕಲಬುರಗಿಗೆ ಹೋದರು. ನನ್ನನ್ನು ನೋಡಲು ಬಂದವರು ಒಪ್ಪಿದರು, ಮರು ವರ್ಷ ನಾನೂ ಅದೇ ಊರಿನ ಸೊಸೆಯಾದೆ. ಒಮ್ಮೆ ಸ್ಟೇಶನ್ ಬಜಾರದ ಹಿಂದಿನ ಗಲ್ಲಿಯಲ್ಲಿ ಅವರು ಕಿಟಕಿಯ ಚೌಕಟ್ಟು ಹೆರೆಯುತ್ತಿದ್ದುದನ್ನು ಕಂಡೆ. ಗುರುತು ಹಿಡಿದು, ಒಳಗೆ ಕೂಗಿ ಚಹಾ ತರಿಸಿದರು.

“ನೆಲ ಅಂಟಂಟ ಆಗಿಲ್ಲಲ್ಲ?”

“ಇಲ್ರೀ. ಚಲೋ ಅದ. ಅಪ್ಪ ನಿಮ್ಮನ್ನ ಭಾಳ ಕೇಳ್ತಿರ್ತಾರ.”

ಅಪ್ಪ ಒಂದು ದಿನವೂ ಕೇಳಿರಲಿಲ್ಲ. ಚಾಚಾ ಚೌಕಟ್ಟಿನ ಮೇಲಿನ ಸಿಪ್ಪೆ ಕೊಡವಿದರು. “ಆರಾಮ ಇದ್ದೀನಂತ ಹೇಳು” ಎಂದು ಮತ್ತೆ ಹೆರೆಯತೊಡಗಿದರು.