ಆವರಣ ಹಾಕದ ಮೈನಸ್

"ಟೀಚರ್, ತಪ್ಪೈತ್ರಿ!"

ಬಾಯಿಂದ ಮಾತು ಜಾರಿದ ಮೇಲೆಯೇ ನೆನಪಾದದ್ದು, ಹಿಂದಿನ ಬೆಂಚಿನಲ್ಲಿ ಇನ್ಸ್‌ಪೆಕ್ಷನ್‌ಗೆ ಬಂದ ಸಾಹೇಬರು ಕೂತಿದ್ದಾರೆ ಅಂತ.

ಎಂಬತ್ತರ ದಶಕದ ಕೊನೆ. ಕುರುಗೋಡಿನಲ್ಲಿ ಎಂಟನೇ ಕ್ಲಾಸು ಓದುತ್ತಿದ್ದೆ. ಗಣಿತಕ್ಕೆ ಸುಮಿತ್ರಾ ಟೀಚರ್. ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು.

ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಾಹೇಬರು ಅಂದು ಬರೆಯುವ ರಿಪೋರ್ಟಿನ ಮೇಲೆಯೇ ಎಲ್ಲ ನಿಂತಿದೆ ಎಂದು ನಮಗೆಲ್ಲ ಗೊತ್ತಿತ್ತು.

ಬೋರ್ಡಿನ ಮೇಲೆ ಬೀಜಗಣಿತದ ಎರಡು ಭಿನ್ನರಾಶಿಗಳು. ಎರಡಕ್ಕೂ ಕೆಳಗೆ ಒಂದೇ ಛೇದ, x + 3. ಮೇಲೆ ಒಂದಕ್ಕೆ 5x + 2, ಇನ್ನೊಂದಕ್ಕೆ 3x − 4. ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು.

ಛೇದ ಒಂದೇ ಆದ್ದರಿಂದ ಅದನ್ನು ಹಾಗೇ ಇಟ್ಟು ಮೇಲಿನವನ್ನು ಕಳೆದರೆ ಆಯಿತು. ಟೀಚರ್ ಅವಸರದಲ್ಲಿ 5x + 2 − 3x − 4 ಎಂದು ಬರೆದುಬಿಟ್ಟರು.

ಆವರಣ ಬಿಟ್ಟುಹೋಗಿತ್ತು. ಮೈನಸ್ ಬರೀ 3xಗೆ ತಗುಲಿತು, ಪಕ್ಕದ ನಾಲ್ಕರ ಚಿಹ್ನೆ ಬದಲಾಗಲೇ ಇಲ್ಲ.

ನಾನು ಕೂಗಿದ್ದು ಆಗ.

ಪಕ್ಕದಲ್ಲಿದ್ದ ಗೆಳತಿ ಗಂಗಮ್ಮ ತೊಡೆ ಚಿವುಟಿದಳು. "ಬಾಯಿ ಮುಚ್ಚಲೇ! ಟೀಚರ್ ನೌಕರೀನ ಕಳಿಯಾಕ ಹತ್ತಿಯೇನು?"

ಸಾಹೇಬರು ಒಳ್ಳೆಯ ಮನುಷ್ಯ. ನಕ್ಕು, ತಾವೇ ಒಂದು ದಾರಿ ತೋರಿಸಿದರು. "ಹುಡುಗ್ರು ನೋಡ್ತಾರೋ ಇಲ್ಲೋ ಅಂತ ಬೇಕಂತನ ಹಂಗ ಬರದ್ರೇನ್ರಿ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

"ಇಲ್ರಿ ಸರ್, ನಂದೇ ತಪ್ಪು. ಆವರಣ ಹಾಕೋದು ಬಿಟ್ಟೀನಿ."

ಟೀಚರ್ ನನ್ನ ಕಡೆ ಸೀಮೆಸುಣ್ಣ ಚಾಚಿದರು. "ಬಾರವ್ವ, ನೀನ ಹಾಕು."

ಹೋಗಿ 3x − 4ಕ್ಕೆ ಆವರಣ ಹಾಕುತ್ತೇನೆ. ಹೊರಗಿನ ಮೈನಸ್ ಒಳಗೆ ಹೊಕ್ಕು ಮೈನಸ್ ನಾಲ್ಕನ್ನು ಪ್ಲಸ್ ನಾಲ್ಕು ಮಾಡುತ್ತದೆ. ಮೇಲೆ 2x + 6. ಅಂದರೆ x + 3ರ ಎರಡರಷ್ಟು... ಕೆಳಗಿನ x + 3 ಜೊತೆ ಹೊಡೆದುಹೋಗಿ, ಉಳಿದದ್ದು ಬರೀ 2.

"ನೋಡ್ರಿ, ಎಷ್ಟ್ ಚಂದ ಬಂತು!" ಅಂದರು ಟೀಚರ್. ಹಿಂದೆ ಕೂತವರನ್ನು ಮರೆತೇಬಿಟ್ಟಿದ್ದರು.

ರಿಪೋರ್ಟಿನಲ್ಲಿ ಏನಿತ್ತೋ ನಮಗೆ ಗೊತ್ತಾಗಲಿಲ್ಲ. ಮರುವರ್ಷ ಒಂಬತ್ತನೇ ಕ್ಲಾಸಿಗೂ ಗಣಿತಕ್ಕೆ ಅವರೇ ಬಂದರು. ಅಷ್ಟು ಸಾಕಾಗಿತ್ತು.

ಈಗ ನಾನು ಕಾಲೇಜಿನಲ್ಲಿ ಕಾವ್ಯ ಪಾಠ ಮಾಡುತ್ತೇನೆ. ಪಾಠದಲ್ಲಿ ತಪ್ಪಿದಾಗ, ಯಾರೂ ದಾರಿ ತೋರಿಸದಿದ್ದರೂ, "ಬೇಕಂತಲೇ ಹಾಗೆ ಹೇಳಿದೆ" ಎಂದು ಎಷ್ಟು ಸಲ ಪಾರಾಗಿದ್ದೇನೋ...